ವಿಕಲಚೇತನರ ಮಾಸಾಶನ ತಿರಸ್ಕಾರವಾಯಿತೇ? ಮೇಲ್ಮನವಿ ವಿಚಾರಣೆಗೆ ಹೋಗುವ ಮುನ್ನ ಇದನ್ನು ಓದಿ

‘ಶೇ 40ಕ್ಕಿಂತ ಕಡಿಮೆ ಬರೆದರೆ ಮುಗಿಯಿತು.’ ‘ಮೇಲ್ಮನವಿಗೆ ವಕೀಲರು ಬೇಕೇ ಬೇಕು.’ ‘ಯುಡಿಐಡಿ ಕಾರ್ಡ್ ಇದ್ದರೆ ಮಾಸಾಶನ ತಾನಾಗಿಯೇ ಬರುತ್ತದೆ.’ ಇಂಥ ಮಾತುಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಮೂರೂ ತಪ್ಪು. ಇವನ್ನು ನಂಬಿದವರು ಸುಮ್ಮನೆ ಕೂರುತ್ತಾರೆ, ಅಷ್ಟರಲ್ಲಿ ಮೇಲ್ಮನವಿಯ ಅವಧಿ ಮುಗಿದಿರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರಿಗೆ ಉಪಯೋಗವಾಗುವಂತೆ ಇಲ್ಲಿ ವಿವರಿಸಿದ್ದೇವೆ.

ಒಂದು ಅಂಕಕ್ಕೆ ಇಷ್ಟು ಮಹತ್ವ ಏಕೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ 40 ವೈಕಲ್ಯ ಇರಬೇಕು. ರಾಜ್ಯದಲ್ಲಿ 2021ರ ಪರಿಷ್ಕರಣೆಯಲ್ಲಿ ಶೇ 40ರಿಂದ 75ರವರೆಗಿನ ವೈಕಲ್ಯಕ್ಕೆ ತಿಂಗಳ ಮಾಸಾಶನ 600ರಿಂದ 800 ರೂಪಾಯಿಗೆ ಏರಿತು. ಶೇ 75 ದಾಟಿದವರಿಗೆ ಆಗ ಇದ್ದದ್ದು 1,400 ರೂಪಾಯಿ. ಅಂದರೆ ಗೆರೆಯ ಆಚೀಚೆ ತಿಂಗಳಿಗೆ 600 ರೂಪಾಯಿ ವ್ಯತ್ಯಾಸ. ಕೂಲಿ ಮಾಡುವ ಮನೆಗೆ ಇದು ಸಣ್ಣ ಮೊತ್ತವಲ್ಲ.

ಮೊದಲ ಪ್ರಶ್ನೆ: ಯಾರ ತೀರ್ಮಾನದ ವಿರುದ್ಧ?

ಬಹಳ ಜನ ಎಡವುವುದು ಇಲ್ಲೇ. ಬಾಗಿಲುಗಳು ಎರಡಿವೆ.

1. ವೈದ್ಯಕೀಯ ತೀರ್ಮಾನ: ಪ್ರಮಾಣಪತ್ರ ಕೊಟ್ಟಿಲ್ಲ ಅಥವಾ ಶೇಕಡಾ ಕಡಿಮೆ ಬರೆದಿದ್ದಾರೆ ಎಂದಾದರೆ, ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಸರ್ಕಾರ ಗೊತ್ತುಪಡಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲೇ ತಿಳಿಸಬೇಕೆಂದು 2017ರ ನಿಯಮಗಳು ಹೇಳುತ್ತವೆ. ಅದನ್ನು ಕೇಳಿ ಪಡೆಯಿರಿ.

2. ಕಂದಾಯ ಇಲಾಖೆಯ ತೀರ್ಮಾನ: ಪ್ರಮಾಣಪತ್ರ ಸರಿಯಿದ್ದೂ ಆದಾಯ, ವಿಳಾಸ ಅಥವಾ ದಾಖಲೆಯ ಕಾರಣಕ್ಕೆ ಮಾಸಾಶನದ ಅರ್ಜಿ ತಿರಸ್ಕಾರವಾಗಿದ್ದರೆ, ಸಕಾಲ ಕಾಯ್ದೆಯಡಿ 30 ದಿನಗಳೊಳಗೆ ತಹಶೀಲ್ದಾರರ ಮೇಲಿನ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕು. ಈ ನಾಲ್ಕೂ ತಾಲ್ಲೂಕುಗಳು ಹುಣಸೂರು ಉಪವಿಭಾಗಕ್ಕೆ ಸೇರಿರುವುದರಿಂದ ಹೋಗಬೇಕಾದದ್ದು ಹುಣಸೂರಿನ ಉಪವಿಭಾಗಾಧಿಕಾರಿ ಕಚೇರಿಗೆ. ಅರ್ಜಿ ಕೊಟ್ಟಾಗ ಸಿಕ್ಕ 15 ಅಂಕಿಯ ಸಕಾಲ ಸಂಖ್ಯೆ ಜೊತೆಗಿರಲಿ.

ಡಾಕ್ಟರು ಬರೆದ ಶೇಕಡಾವನ್ನು ಉಪವಿಭಾಗಾಧಿಕಾರಿ ತಿದ್ದಲಾರರು. ಆದಾಯ ಪ್ರಮಾಣಪತ್ರದ ತಕರಾರನ್ನು ಆಸ್ಪತ್ರೆ ಬಗೆಹರಿಸಲಾರದು. ಕೇರಳದ ಗಡಿಯ ಡಿ.ಬಿ. ಕುಪ್ಪೆಯಿಂದ ಹುಣಸೂರಿಗೆ ಬಂದು ತಪ್ಪು ಬಾಗಿಲು ತಟ್ಟಿದರೆ ಬಸ್ ಚಾರ್ಜೂ ಹೋಯಿತು, ಒಂದು ದಿನದ ಕೂಲಿಯೂ ಹೋಯಿತು.

ಶೇಕಡಾ ಲೆಕ್ಕ ಹೇಗೆ?

ಎರಡು ವೈಕಲ್ಯಗಳಿದ್ದರೆ ಅಂಕಗಳನ್ನು ನೇರವಾಗಿ ಕೂಡುತ್ತಾರೆ ಎಂಬ ನಂಬಿಕೆ ಇದೆ. ಹಾಗಿಲ್ಲ. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಇದಕ್ಕೊಂದು ಸೂತ್ರವಿದೆ. ದೊಡ್ಡ ಅಂಕವನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಅಂಕದಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಕ್ಕೆ ಸೇರಿಸಬೇಕು. ಶೇ 40 ಮತ್ತು ಶೇ 30 ಸೇರಿದರೆ 70 ಆಗುವುದಿಲ್ಲ, ಸುಮಾರು 57 ಆಗುತ್ತದೆ. ಹಾಗೆಯೇ, ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಈ ಮಾರ್ಗಸೂಚಿಯಂತೆ ಸಿಗುವುದು ಶೇ 30.

ಆದ್ದರಿಂದ ‘ನನಗೆ ತುಂಬಾ ಕಷ್ಟ’ ಎಂದಷ್ಟೇ ಹೇಳಿದರೆ ಸಾಲದು. ‘ಈ ಪರೀಕ್ಷೆ ಮಾಡಿಲ್ಲ’, ‘ಎರಡನೇ ವೈಕಲ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ’ ಎಂದು ನಿರ್ದಿಷ್ಟವಾಗಿ ತೋರಿಸಬೇಕು. ಮರುಪರೀಕ್ಷೆಯಲ್ಲಿ ಅಂಕ ಏರಿಯೇ ಏರುತ್ತದೆ ಎಂಬ ಖಾತರಿ ಯಾರೂ ಕೊಡಲಾರರು. ದುಡ್ಡು ಕೊಟ್ಟರೆ ಏರಿಸಿಕೊಡುತ್ತೇವೆ ಎನ್ನುವವರಿಂದ ದೂರವಿರಿ.

ವಿಚಾರಣೆಗೆ ಏನು ಒಯ್ಯಬೇಕು?

• ತಿರಸ್ಕಾರದ ಆದೇಶ ಮತ್ತು ವಿಚಾರಣೆಯ ನೋಟಿಸು. ಆದೇಶ ಕೈಗೆ ಬಂದ ದಿನಾಂಕವನ್ನು ಅದರ ಮೇಲೇ ಬರೆದಿಡಿ.
• ಹಳೆಯ ಮತ್ತು ಹೊಸ ಪ್ರಮಾಣಪತ್ರ, ಯುಡಿಐಡಿ ಕಾರ್ಡ್. ಪ್ರಮಾಣಪತ್ರ ತಾತ್ಕಾಲಿಕವೋ ಶಾಶ್ವತವೋ, ಅವಧಿ ಮುಗಿದಿದೆಯೋ ನೋಡಿಕೊಳ್ಳಿ.
• ಪರೀಕ್ಷಾ ವರದಿಗಳು, ಹಳೆಯದರಿಂದ ಹೊಸದರವರೆಗೆ ಸಾಲಾಗಿ ಜೋಡಿಸಿದ್ದು. ಕಿವಿ ಮತ್ತು ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ವರದಿ ಇದ್ದರೆ ಅದೂ ಇರಲಿ.
• ಒಂದು ಪುಟದ ಬರಹ: ಆದೇಶದಲ್ಲಿ ಏನು ತಪ್ಪಾಗಿದೆ, ಅದಕ್ಕೆ ಆಧಾರವೇನು, ನೀವು ಕೇಳುವುದೇನು.
• ಎಲ್ಲದಕ್ಕೂ ಎರಡು ಸೆಟ್ ಜೆರಾಕ್ಸ್. ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಆಸ್ಪತ್ರೆಯ ಮೌಲ್ಯಮಾಪನ ಹಾಳೆ ಸಿಗದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಬಹುದು. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಉತ್ತರಕ್ಕೆ 30 ದಿನ ಹಿಡಿಯಬಹುದು. ಅದಕ್ಕೆ ಕಾಯುತ್ತಾ ಮೇಲ್ಮನವಿಯ ಅವಧಿ ಕಳೆದುಕೊಳ್ಳಬೇಡಿ.

ವಿಚಾರಣೆಯ ದಿನ

ವಕೀಲರೇ ಬೇಕೆಂದಿಲ್ಲ, ನಿಮ್ಮ ಮಾತನ್ನು ನೀವೇ ಹೇಳಬಹುದು. ಮೆಟ್ಟಿಲು ಹತ್ತಲಾಗದಿದ್ದರೆ, ಸನ್ನೆ ಭಾಷೆಯ ಸಹಾಯ ಬೇಕಿದ್ದರೆ ಮೊದಲೇ ಬರೆದು ತಿಳಿಸಿ. ನಾಚಿಕೆಯಿಂದ ‘ಹೇಗೋ ನಡೆಯುತ್ತೆ ಸಾರ್’ ಎನ್ನಬೇಡಿ, ಕಷ್ಟವನ್ನು ಹಿಗ್ಗಿಸಿಯೂ ಹೇಳಬೇಡಿ. ಎಷ್ಟು ದೂರ ನಡೆದರೆ ಕೂರಬೇಕಾಗುತ್ತದೆ, ಸ್ನಾನಕ್ಕೆ ಯಾರು ನೆರವಾಗುತ್ತಾರೆ ಎಂಬಂಥ ದಿನನಿತ್ಯದ ಸಂಗತಿಗಳನ್ನು ಇದ್ದಂತೆಯೇ ಹೇಳಿ.

ದಾಖಲೆ ಹೊಂದಿಸಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಇದು ಅವರ ಕೆಲಸವೇ.

ಇನ್ನು ಮುಂದೆ ‘ಶೇ 40ಕ್ಕಿಂತ ಕಡಿಮೆ ಬಂದರೆ ಮುಗಿಯಿತು’ ಎಂಬ ಸಂದೇಶ ಬಂದರೆ ಹಾಗೇ ಫಾರ್ವರ್ಡ್ ಮಾಡಬೇಡಿ. ಮೇಲ್ಮನವಿಗೆ ದಾರಿ ಇದೆ, ಅದಕ್ಕೆ ದಿನಗಳ ಮಿತಿಯೂ ಇದೆ ಎಂದು ತಿಳಿಸಿ.