ಕಿಟಕಿಯ ಚೀಲ ಮತ್ತು ಕಾಗದದ ಕೊಸರು

ದಾವಣಗೆರೆ, ಹರಿಹರಗಳ ದಿನಸಿ ಅಂಗಡಿಗಳಲ್ಲಿ ಈಗ ಒಂದು ಬಗೆಯ ಚೀಲ ಕಣ್ಣಿಗೆ ಬೀಳುತ್ತದೆ. ಕಂದು ಕಾಗದದ ಮೈ; ಎದುರಿಗೆ ಒಳಗಿನ ಪದಾರ್ಥ ಕಾಣುವಂತೆ ಪಾರದರ್ಶಕ ಹಾಳೆಯ ಒಂದು ಕಿಟಕಿ; ನೆತ್ತಿಯ ಮೇಲೆ ಸೂಜಿಯಿಂದ ಚುಚ್ಚಿದಂಥ ಸಣ್ಣ ರಂಧ್ರಗಳ ಸಾಲು, ಆ ಸಾಲಿನಗುಂಟ ಹರಿದುಕೊಳ್ಳಬಹುದಾದ ಕೂಪನ್ನು. ಖಾರ ಮಂಡಕ್ಕಿ, ಶೇಂಗಾ ಚಟ್ನಿಪುಡಿ, ರಾಗಿ ಹಿಟ್ಟು, ನವಣೆ, ಸಾಮೆ ಮೊದಲಾದವೆಲ್ಲ ಇಂಥ ಚೀಲಗಳಲ್ಲಿ ಬರುತ್ತಿವೆ. ಇದು ಕೇವಲ ಅಂದಚಂದದ ವಿಷಯವೆಂದು ಅನೇಕರು ತಿಳಿದಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಕಿಟಕಿಯನ್ನು ಎಲ್ಲಿ ಕೊರೆಯಬೇಕು, ಕೂಪನ್ನನ್ನು ಎಲ್ಲಿ ಕೂಡಿಸಬೇಕು ಎಂಬುದು ಮಾರುವವನಿಗೂ ಕೊಳ್ಳುವವನಿಗೂ ನಡುವಿನ ನ್ಯಾಯದ ಪ್ರಶ್ನೆಯಾಗಿದೆ. ಕಿಟಕಿ ಉದ್ದವಾಗಲಿ, ಕೂಪನ್ನು ಸಾಧ್ಯವಾದರೆ ಇಲ್ಲವಾಗಲಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಓದುಗರ ಮುಂದಿಡುತ್ತೇನೆ.

ನಮ್ಮ ಬಾಲ್ಯದ ಅಂಗಡಿಗಳಲ್ಲಿ ಚೀಲಗಳ ಬಾಯಿ ತೆರೆದಿರುತ್ತಿತ್ತು. ಕೊಳ್ಳಲು ಬಂದವರು ಅಕ್ಕಿಯ ನಾಲ್ಕು ಕಾಳನ್ನು ಬಾಯಿಗೆ ಹಾಕಿ ಕಡಿದು ನೋಡುತ್ತಿದ್ದರು. ತೊಗರಿಬೇಳೆಯನ್ನು ಅಂಗೈಯಲ್ಲಿ ಹರಡಿ ಹುಳುವನ್ನೂ ಕಲ್ಲನ್ನೂ ಹುಡುಕುತ್ತಿದ್ದರು. ಮೆಣಸಿನಕಾಯಿಯನ್ನು ಮುರಿದು ಮೂಸುತ್ತಿದ್ದರು. ನೋಡುವುದು, ಮುಟ್ಟುವುದು, ಮೂಸುವುದು, ರುಚಿ ನೋಡುವುದು, ಈ ನಾಲ್ಕೂ ಗಿರಾಕಿಯ ಹಕ್ಕುಗಳಾಗಿದ್ದವು. ಮೊಹರು ಹಾಕಿದ ಪೊಟ್ಟಣ ಬಂದು ಧೂಳು, ನೊಣ, ಕಲಬೆರಕೆಗಳಿಂದ ನಮ್ಮನ್ನು ಬಹುಮಟ್ಟಿಗೆ ಕಾಪಾಡಿತು, ನಿಜ. ಆದರೆ ಆ ನಾಲ್ಕು ಹಕ್ಕುಗಳನ್ನೂ ಒಟ್ಟಿಗೆ ಕಸಿದುಕೊಂಡಿತು. ಚೀಲದ ಕಿಟಕಿ ಅವುಗಳಲ್ಲಿ ಒಂದನ್ನು, ನೋಡುವ ಹಕ್ಕನ್ನು, ನಮಗೆ ಹಿಂದಿರುಗಿಸುತ್ತದೆ. ಆದ್ದರಿಂದಲೇ ಅದನ್ನು ನಾನು ಅಲಂಕಾರವೆಂದು ಕರೆಯಲಾರೆ.

ಆ ಅಂಗಡಿಗಳಲ್ಲಿ ಇನ್ನೊಂದು ಸಂಪ್ರದಾಯವಿತ್ತು. ಅದಕ್ಕೆ ಕೊಸರು ಎಂದು ಹೆಸರು. ಮಂಡಕ್ಕಿಯನ್ನು ಸೇರಿನಿಂದ ಅಳೆದು ಸುರಿದ ಮೇಲೆ ಅಂಗಡಿಯವನು ಒಂದು ಹಿಡಿ ಮೇಲೆ ಹಾಕುತ್ತಿದ್ದ. ಹಾಕದಿದ್ದರೆ ನಮ್ಮ ತಾಯಂದಿರು ಅಲ್ಲಿಂದ ಕದಲುತ್ತಿರಲಿಲ್ಲ. ಕೊಸರಿಗೆ ಷರತ್ತಿರಲಿಲ್ಲ, ಕೊನೆಯ ದಿನಾಂಕವಿರಲಿಲ್ಲ. ಕೊಂಡ ಆ ಗಳಿಗೆಯಲ್ಲೇ, ಕೊಂಡ ಆ ಪದಾರ್ಥವೇ, ಕೊಂಡವರ ಸೆರಗಿಗೇ ಬೀಳುತ್ತಿತ್ತು. ಇಂದಿನ ಕೂಪನ್ನು ಆ ಕೊಸರಿನ ಸ್ಥಾನದಲ್ಲಿ ಬಂದು ಕುಳಿತಿದೆ. ಆದರೆ ಅದು ಈಗಲೇ ಕೊಡುವುದಿಲ್ಲ. ಮತ್ತೆ ಬಂದರೆ ಕೊಡುತ್ತೇನೆ ಎನ್ನುತ್ತದೆ. ಇವೆರಡರ ಅಂತರ ಸಣ್ಣದಲ್ಲ.

ಈ ವಿಷಯವನ್ನು ನಾನು ಇಷ್ಟು ಯೋಚಿಸಲು ಕಾರಣ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು. ಹತ್ತು ಹನ್ನೆರಡು ಹೆಂಗಸರೊಡನೆ ಸೇರಿ ಚಟ್ನಿಪುಡಿ, ಖಾರ ಮಂಡಕ್ಕಿ ಮಾಡಿ ಮಾರುತ್ತಿರುವ ಆಕೆ, ಚೀಲದ ಮೇಲೆ ಅಚ್ಚು ಹಾಕಿಸಬೇಕಾದ ಕನ್ನಡ ಒಕ್ಕಣೆಯನ್ನು ತಿದ್ದಿಕೊಡಿ ಎಂದು ಮಾದರಿಗಳನ್ನು ತಂದಿದ್ದಳು. ಅಕ್ಷರ ತಿದ್ದುವ ಕೆಲಸ ಅರ್ಧ ಗಂಟೆಯದು. ಆದರೆ ಆ ಮಾದರಿಗಳನ್ನು ಮುಂದಿಟ್ಟುಕೊಂಡು ನಾವಿಬ್ಬರೂ ಮಾತಾಡುತ್ತ ಕುಳಿತದ್ದು ಇಡೀ ಮಧ್ಯಾಹ್ನ.

ಮೊದಲು ಕಿಟಕಿಯ ಸ್ಥಾನ. ಮಂಡಕ್ಕಿ ಹಗುರವಾದ ವಸ್ತು. ಭಟ್ಟಿಯಲ್ಲಿ ಕಾದ ಮರಳಿನ ಶಾಖಕ್ಕೆ ಅರಳಿದ ಅಕ್ಕಿ ಅದು. ಅದರ ಗಾತ್ರದ ಬಹುಪಾಲು ಗಾಳಿಯೇ. ಚೀಲಕ್ಕೆ ತುಂಬಿದಾಗ ಕತ್ತಿನವರೆಗೆ ಇದ್ದದ್ದು ಸಾಗಣೆಯ ಕುಲುಕಾಟಕ್ಕೆ ಕೆಳಗಿಳಿಯುತ್ತದೆ. ಕಿಟಕಿಯನ್ನು ಚೀಲದ ಕೆಳಭಾಗದಲ್ಲಿ ಮಾತ್ರ ಕೊರೆದರೆ, ಒಳಗೆ ಅರ್ಧವೇ ಇದ್ದರೂ ಕಿಟಕಿ ತುಂಬಿಯೇ ಕಾಣುತ್ತದೆ. ದುಂಡಗೆ, ಹೃದಯಾಕಾರ, ಎಲೆಯಾಕಾರ ಎಂದು ಕೆಳಗಡೆ ಕೊರೆದ ಕಿಟಕಿಗಳೆಲ್ಲ ಈ ಅನುಮಾನಕ್ಕೆ ಎಡೆಗೊಡುತ್ತವೆ. ನಾನು ಹೇಳಿದ್ದು ಇಷ್ಟೇ: ಬುಡದಿಂದ ಕತ್ತಿನವರೆಗೆ ಎರಡು ಬೆರಳಗಲದ ಒಂದು ನೇರ ಪಟ್ಟಿ ಇರಲಿ. ಎಲ್ಲಿಯವರೆಗೆ ಪದಾರ್ಥವಿದೆ, ಎಲ್ಲಿಂದ ಗಾಳಿಯಿದೆ ಎಂಬುದನ್ನು ಅಕ್ಷರ ಬಾರದವರೂ ಅದರಲ್ಲಿ ಓದಬಲ್ಲರು. ತೂಕವನ್ನು ಗ್ರಾಮುಗಳಲ್ಲಿ ಮುದ್ರಿಸಿರುತ್ತಾರೆ, ಅದೇ ಕಾನೂನಿನ ಅಳತೆ ಎಂದು ವಾದಿಸಬಹುದು. ಆದರೆ ಮಂಡಕ್ಕಿಯನ್ನು ಕಣ್ಣಳತೆಯಿಂದಲೇ ಕೊಂಡು ಬಂದ ಊರು ನಮ್ಮದು. ಕಣ್ಣಿಗೂ ಉತ್ತರ ಸಿಗಬೇಕು.

ಎರಡನೆಯದು ಕಿಟಕಿಯ ಬಣ್ಣ. ಕಿತ್ತಳೆ ಹಣ್ಣುಗಳನ್ನು ಕೆಂಪು ಬಲೆಚೀಲದಲ್ಲಿ ಕಟ್ಟಿ ಮಾರುವುದನ್ನು ಎಲ್ಲರೂ ನೋಡಿದ್ದೇವೆ. ಬಲೆಯ ಕೆಂಪು ಹಣ್ಣಿನ ಮೈಗೆ ಹತ್ತಿದಂತೆ ಕಾಣುತ್ತದೆ. ಹಾಗೆಯೇ ನಸುಹಳದಿ ಹಾಳೆಯ ಹಿಂದೆ ಯಾವ ತೊಗರಿಬೇಳೆಯೂ ಹೊಸದಾಗಿ ತೋರುತ್ತದೆ, ನಸುಗೆಂಪು ಹಾಳೆಯ ಹಿಂದೆ ಮಾಸಿದ ಖಾರದ ಪುಡಿಯೂ ಬ್ಯಾಡಗಿಯದರಂತೆ ಹೊಳೆಯುತ್ತದೆ. ಬಣ್ಣದ ಕನ್ನಡಕ ಹಾಕಿ ತೋರಿಸುವುದು ತೋರಿಸಿದಂತಲ್ಲ. ಕಿಟಕಿ ಇರುವುದಾದರೆ ಬಣ್ಣವಿಲ್ಲದೆ ಇರಲಿ.

ಎಲ್ಲ ಪದಾರ್ಥಕ್ಕೂ ಕಿಟಕಿ ಒಪ್ಪುವುದಿಲ್ಲ ಎಂಬುದನ್ನೂ ಹೇಳಬೇಕು. ಎಣ್ಣೆಯಲ್ಲಿ ಕರಿದ ಶೇಂಗಾ, ಒಗ್ಗರಣೆಯ ಮಂಡಕ್ಕಿ, ಕೊಬ್ಬರಿ ಹಾಕಿದ ಚಟ್ನಿಪುಡಿ, ಇವು ಬೆಳಕಿಗೆ ಬೇಗ ಕಮಟು ಹಿಡಿಯುತ್ತವೆ. ಖಾರದ ಪುಡಿಯ ಬಣ್ಣ ಬೆಳಕಿಗೆ ಮಾಸುತ್ತದೆ. ಅಂಥವುಗಳಿಗೆ ಪಟ್ಟಿಯನ್ನು ಕಿರಿದು ಮಾಡಿ ಚೀಲದ ಹಿಂಬದಿಗೆ ಇಡುವುದು ಲೇಸು. ಅಂಗಡಿಯ ದೀಪ ಮುಂಬದಿಗೆ ಬೀಳುತ್ತದೆ. ಬೇಕಾದವರು ತಿರುಗಿಸಿ ನೋಡುತ್ತಾರೆ.

ಮೂರನೆಯದು ಕಿಟಕಿಯ ಹಾಳೆ. ಇಲ್ಲಿ ಹರಿಹರದ ಮಾತು ಬರುತ್ತದೆ. ಮಂಡಕ್ಕಿಯ ಶತ್ರು ತೇವ. ಮಳೆಗಾಲದಲ್ಲಿ ಬರಿಯ ಕಾಗದದ ಚೀಲದಲ್ಲಿಟ್ಟರೆ ಅದು ಬೇಗನೆ ಮೆತ್ತಗಾಗುತ್ತದೆ. ಆದ್ದರಿಂದ ಚೀಲದ ಒಳಮೈಗೆ ಪ್ಲಾಸ್ಟಿಕ್ ಲೇಪ, ಕಿಟಕಿಗೆ ಪ್ಲಾಸ್ಟಿಕ್ ಹಾಳೆ. ಕರ್ನಾಟಕ ಸರ್ಕಾರ 2016ರ ಮಾರ್ಚಿಯಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರ ಸರ್ಕಾರವು ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. ತಯಾರಿಕೆಯ ಹಂತದಲ್ಲೇ ಮೊಹರಾಗಿ ಬರುವ ಪೊಟ್ಟಣಗಳು ಈ ನಿಷೇಧಗಳ ಹೊರಗುಳಿದವು. ಹೀಗಾಗಿ ಹೊರಗೆ ಕಾಗದವಾಗಿ ಕಾಣುವ ಚೀಲ ಒಳಗೆ ಪ್ಲಾಸ್ಟಿಕ್ಕೇ ಆಗಿರುತ್ತದೆ. ಕಾಗದವನ್ನೂ ಹಾಳೆಯನ್ನೂ ಅಂಟಿನಿಂದ ಒಂದು ಮಾಡಿದ ಮೇಲೆ ರದ್ದಿಯವನು ಅದನ್ನು ಕೊಳ್ಳುವುದಿಲ್ಲ.

ಇದಕ್ಕೆ ಪರಿಹಾರವೆಂದು ಕೆಲವರು ಸೆಲ್ಲೋಫೇನನ್ನು ಸೂಚಿಸುತ್ತಾರೆ. ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಜಾಕ್ ಬ್ರಾಂಡೆನ್‌ಬರ್ಗರ್ 20ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಹಾಳೆ ಅದು. ಮರದ ತಿರುಳನ್ನು ಕರಗಿಸಿ ಮಾಡಿದ ವಿಸ್ಕೋಸ್ ದ್ರವವನ್ನು ಸಣ್ಣ ರಂಧ್ರಗಳ ಮೂಲಕ ಆಮ್ಲಕ್ಕೆ ಹಾಯಿಸಿದರೆ ರೇಯಾನ್ ಎಳೆಯಾಗುತ್ತದೆ; ಅದೇ ದ್ರವವನ್ನು ಉದ್ದನೆಯ ಸೀಳಿನ ಮೂಲಕ ಹಾಯಿಸಿದರೆ ಸೆಲ್ಲೋಫೇನ್ ಹಾಳೆಯಾಗುತ್ತದೆ. ಹರಿಹರದ ಸೇತುವೆ ದಾಟಿದರೆ ಸಿಗುವ ಕುಮಾರಪಟ್ಟಣದ ಕಾರ್ಖಾನೆಗಳಲ್ಲಿ 1970ರ ದಶಕದಿಂದ ತಯಾರಾಗುತ್ತ ಬಂದಿರುವ ತಿರುಳು ಮತ್ತು ವಿಸ್ಕೋಸ್ ಎಳೆ ಇದರ ದಾಯಾದಿಗಳೇ. ಆದರೆ ಬರಿಯ ಸೆಲ್ಲೋಫೇನ್ ನೀರಾವಿಯನ್ನು ತಡೆಯುವುದಿಲ್ಲ. ಅಮೆರಿಕದ ಡುಪಾಂಟ್ ಕಂಪನಿಯ ವಿಲಿಯಂ ಹೇಲ್ ಚಾರ್ಚ್ 1927ರಲ್ಲಿ ಅದಕ್ಕೊಂದು ಲೇಪ ಕಂಡುಹಿಡಿದ ಮೇಲೆಯೇ ಅದು ತೇವ ತಗುಲಬಾರದ ತಿಂಡಿ ತಿನಿಸಿಗೆ ಒದಗಿತು. ಇನ್ನು ಮರದಿಂದ ಬಂದದ್ದೆಂದ ಮಾತ್ರಕ್ಕೆ ಅದು ನಿಷ್ಪಾಪಿಯೂ ಅಲ್ಲ. ತಿರುಳಿಗಾಗಿ ಹಳ್ಳಿಗಳ ಗೋಮಾಳಗಳಲ್ಲಿ ನೀಲಗಿರಿ ನೆಟ್ಟಿದ್ದನ್ನು ವಿರೋಧಿಸಿ, ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದಲ್ಲಿ 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ರೈತರು ನಡೆಸಿದ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಮ್ಮ ತಲೆಮಾರಿನವರಿಗೆ ಮರೆತಿಲ್ಲ. ತುಂಗಭದ್ರೆಯ ನೀರಿನ ಮಾಲಿನ್ಯದ ವಿರುದ್ಧದ ಹೋರಾಟವೂ ಅದೇ ದಶಕದ್ದು. ಯಾವ ಪಾರದರ್ಶಕ ಹಾಳೆಯ ಹಿಂದೆಯೂ ಒಂದು ನದಿ, ಒಂದು ಕಾಡು ಅಥವಾ ಒಂದು ಎಣ್ಣೆಬಾವಿ ಇದ್ದೇ ಇರುತ್ತದೆ. ಆದ್ದರಿಂದ ನಾನು ಬೇಡುವ ಕಿಟಕಿ ಉದ್ದವಾದರೂ ಕಿರಿದು. ಮತ್ತು ಅದು ಕಾಗದದಿಂದ ಸುಲಭವಾಗಿ ಸುಲಿದು ಬರುವಂತಿರಬೇಕು.

ಇನ್ನು ಕೂಪನ್ನಿನ ವಿಚಾರ. 1999ರ ವಿಶ್ವಕಪ್ ಕ್ರಿಕೆಟ್ಟಿನ ಕಾಲದಲ್ಲಿ ಬಿಸ್ಕತ್ತಿನ ಹೊದಿಕೆಗಳ ಮೇಲೆ ರನ್ನುಗಳನ್ನು ಮುದ್ರಿಸಿ, ನೂರು ರನ್ ಕೂಡಿಸಿದವರಿಗೆ ಬಹುಮಾನದ ಆಸೆ ತೋರಿಸಿದ್ದು ಅನೇಕರಿಗೆ ನೆನಪಿರಬಹುದು. ಆಗ ನಾನು ಹರಿಹರದ ಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ಪಾಠ ಹೇಳುತ್ತಿದ್ದೆ. ಅನುಕೂಲಸ್ಥರ ಮಕ್ಕಳು ಒಂದೇ ವಾರದಲ್ಲಿ ಶತಕ ಪೂರೈಸಿದರು. ಉಳಿದವರು ಬಸ್ ನಿಲ್ದಾಣದ ಬಳಿ, ಚರಂಡಿಯ ಪಕ್ಕದಲ್ಲಿ ಹೊದಿಕೆ ಹೆಕ್ಕುತ್ತಿದ್ದರು. ಲೆಕ್ಕದ ಪಾಠದಲ್ಲಿ ಹಿಂದುಳಿದಿದ್ದ ಹುಡುಗರು ಆ ರನ್ನುಗಳನ್ನು ಮಾತ್ರ ತಪ್ಪಿಲ್ಲದೆ ಕೂಡುತ್ತಿದ್ದರು. ಚೀಟಿಯ ಆಸೆಯಿಂದ ಹೆಚ್ಚು ಕೊಂಡವರು ತಿಂದದ್ದೂ ಹೆಚ್ಚು, ಖರ್ಚು ಮಾಡಿದ್ದೂ ಹೆಚ್ಚು. ಕೈಗೆ ಬಂದದ್ದು ಬಹುತೇಕರಿಗೆ ಏನೂ ಇಲ್ಲ.

ನನ್ನ ವಿದ್ಯಾರ್ಥಿನಿ ಇದನ್ನು ಒಪ್ಪಲಿಲ್ಲ. ಆಕೆಯ ವಾದದಲ್ಲೂ ತಿರುಳಿತ್ತು. ‘‘ದೊಡ್ಡ ಕಂಪನಿಗಳಿಗೆ ಟೀವಿ ಜಾಹೀರಾತು ಇದೆ, ನಮಗೇನಿದೆ ಸಾರ್? ಬೆಲೆ ಎರಡು ರೂಪಾಯಿ ಇಳಿಸಿದರೆ ಅಂಗಡಿಯವರು ತಾವೇ ಇಟ್ಟುಕೊಳ್ಳುತ್ತಾರೆ, ಗಿರಾಕಿಗೆ ತಲುಪುವುದಿಲ್ಲ. ಕೂಪನ್ನಾದರೆ ಗಿರಾಕಿಯ ಕೈಗೇ ಹೋಗುತ್ತದೆ’’ ಎಂದಳು. ಮಾತು ನಿಜ. ಆದರೆ ಅದೇ ಅಂಗಡಿಯವನು ಕೂಪನ್ನಿನ ಹಣ ತನಗೆ ಯಾವಾಗ ವಾಪಸಾದೀತೆಂದು ತಿಳಿಯದೆ ‘ಇದು ನಡೆಯುವುದಿಲ್ಲ’ ಎಂದುಬಿಟ್ಟರೆ, ಕೆಟ್ಟ ಹೆಸರು ಬರುವುದು ಯಾರಿಗೆ? ಇನ್ನೊಂದು ತೊಡಕೂ ಇದೆ. ಬಣ್ಣದ ಚೀಲಗಳನ್ನು ದೊಡ್ಡ ಯಂತ್ರದಲ್ಲಿ ಅಚ್ಚು ಮಾಡಿಸಬೇಕಾದರೆ ಪ್ರತಿ ಬಣ್ಣಕ್ಕೂ ಒಂದು ಉರುಳೆ ಕೆತ್ತಿಸಬೇಕು. ಆ ಖರ್ಚು ಹುಟ್ಟಬೇಕಾದರೆ ಸಾವಿರಗಟ್ಟಲೆ ಚೀಲ ಮಾಡಿಸಬೇಕು. ಅವುಗಳ ಮೇಲೆಯೇ ದಿನಾಂಕವಿರುವ ಕೂಪನ್ನು ಮುದ್ರಿಸಿದರೆ, ಚೀಲ ಮುಗಿಯುವ ಮೊದಲೇ ಕೂಪನ್ನು ಸಾಯುತ್ತದೆ. ಸತ್ತ ಕೂಪನ್ನು ಹೊತ್ತ ಚೀಲ ಮಾರಾಟವಾಗುತ್ತಲೇ ಇರುತ್ತದೆ.

ಕಾನೂನು ಇದನ್ನು ಲಘುವಾಗಿ ಕಾಣುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಕೊಡುವ ಉದ್ದೇಶವಿಲ್ಲದೆ ಉಡುಗೊರೆ ಘೋಷಿಸುವುದನ್ನೂ, ಬೆಲೆಯಲ್ಲೇ ವಸೂಲಿ ಮಾಡಿಕೊಂಡು ‘ಉಚಿತ’ ಎನ್ನುವುದನ್ನೂ, ಮಾರಾಟ ಹೆಚ್ಚಿಸಲು ಅದೃಷ್ಟದಾಟ ನಡೆಸುವುದನ್ನೂ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ. ಪೊಟ್ಟಣದ ಸರಕುಗಳಿಗೆ ಸಂಬಂಧಿಸಿದ 2011ರ ಕಾನೂನುಬದ್ಧ ಮಾಪನ ನಿಯಮಗಳ ಪ್ರಕಾರ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರು ಹೇಳಬೇಕಾದ ವಿಳಾಸ ಇವು ಪೊಟ್ಟಣದ ಮೇಲಿರಲೇಬೇಕು. ಬೆಲೆ ಇಳಿಸಿದ ಚೀಟಿ ಅಂಟಿಸಬಹುದು, ಆದರೆ ಅದು ಮೂಲ ಬೆಲೆಯನ್ನು ಮುಚ್ಚುವಂತಿಲ್ಲ. ಆಕೆ ತಂದಿದ್ದ ಒಂದು ಮಾದರಿಯಲ್ಲಿ ತಯಾರಿಕೆಯ ತಿಂಗಳನ್ನು ಕೂಪನ್ನಿನ ಹಿಂಬದಿಯಲ್ಲೇ ಮುದ್ರಿಸಿದ್ದರು! ಕೂಪನ್ನು ಹರಿದ ಮೇಲೆ ಆ ಚಟ್ನಿಪುಡಿಯ ವಯಸ್ಸನ್ನು ಯಾರನ್ನು ಕೇಳುವುದು? ಮತ್ತೊಂದರಲ್ಲಿ ಹರಿಯುವ ಗೆರೆ ಮೊಹರಿನ ಕೆಳಗಿತ್ತು. ಕೂಪನ್ನು ಎಳೆದರೆ ಚೀಲವೇ ಬಾಯಿ ಬಿಡುತ್ತಿತ್ತು. ಭಾಷೆಯ ಮಾತನ್ನೂ ಬಿಡಲಾಗದು. ರಾಜ್ಯದಲ್ಲಿ ತಯಾರಾಗುವ ಸರಕುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆಗಳು ಕನ್ನಡದಲ್ಲಿಯೂ ಇರಬೇಕೆಂದು 2025ರ ಫೆಬ್ರುವರಿಯಲ್ಲಿ ಸರ್ಕಾರ ಆದೇಶಿಸಿದೆ. ಕೂಪನ್ನಿನ ‘ಆಫರ್’ ದೊಡ್ಡ ಕನ್ನಡದಲ್ಲಿ, ಷರತ್ತುಗಳು ಸಾಸಿವೆಯಂಥ ಇಂಗ್ಲಿಷಿನಲ್ಲಿ ಇರುವುದು ಆ ಆದೇಶದ ಆಶಯಕ್ಕೆ ಒಪ್ಪುವಂಥದಲ್ಲ.

ಹರಿಹರೇಶ್ವರನ ಗುಡಿಯಲ್ಲಿ ಒಂದೇ ಮೂರ್ತಿಯ ಅರ್ಧ ಹರಿ, ಅರ್ಧ ಹರ. ಚೀಲವೂ ಹಾಗೆ ಮಾರುವವನ ಹಿತವನ್ನೂ ಕೊಳ್ಳುವವನ ಹಿತವನ್ನೂ ಒಂದೇ ಮೈಯಲ್ಲಿ ಹೊರಬೇಕು. ಆ ದಿನ ಸಂಜೆಯ ಹೊತ್ತಿಗೆ ನಾವು ಬಂದು ನಿಂತ ತೀರ್ಮಾನ ಹೀಗಿದೆ. ಚಟ್ನಿಪುಡಿಗೆ ಕಿಟಕಿ ಹಿಂಬದಿಯಲ್ಲಿ, ಸಾದಾ ಮಂಡಕ್ಕಿಗೆ ಮುಂಬದಿಯಲ್ಲಿ, ಬುಡದಿಂದ ಕತ್ತಿನವರೆಗೆ, ಬಣ್ಣವಿಲ್ಲದೆ. ಕಾನೂನು ಕೇಳುವ ವಿವರಗಳೆಲ್ಲ ಹರಿಯದ ಭಾಗದಲ್ಲಿ, ಕನ್ನಡದಲ್ಲಿಯೂ. ಕೂಪನ್ನು ಇರಲೇಬೇಕೆಂದರೆ ಚೀಲದ ಮೇಲೆ ಅಚ್ಚು ಹಾಕಿಸದೆ, ಮೊಹರಿನ ಮೇಲ್ಗಡೆ ಬೇರೆ ಚೀಟಿಯಾಗಿ ಲಗತ್ತಿಸುವುದು. ಅದರಲ್ಲಿ ‘ಅದೃಷ್ಟ’, ‘ಬಹುಮಾನ’ ಎಂಬ ಪದಗಳು ಬೇಡ. ಇಷ್ಟು ರೂಪಾಯಿ, ಇಂಥ ದಿನದವರೆಗೆ ಎಂದಿದ್ದರೆ ಸಾಕು. ಮುಂದಿನ ಸರಕು ಇಳಿಸುವಾಗಲೇ ಅಂಗಡಿಯವನ ಕೈಲಿರುವ ಕೂಪನ್ನುಗಳನ್ನು ಎಣಿಸಿ ಹಣ ಮುರಿದುಕೊಳ್ಳುವುದು.

ಇದಕ್ಕಿಂತ ಒಳ್ಳೆಯ ದಾರಿಯೂ ಇದೆ, ಅದನ್ನೂ ಆಕೆಗೆ ಹೇಳಿದ್ದೇನೆ. 200 ಗ್ರಾಮಿನ ಬೆಲೆಗೆ 210 ಗ್ರಾಂ ತುಂಬಿ, ನಿವ್ವಳ ತೂಕ 210 ಗ್ರಾಂ ಎಂದೇ ಮುದ್ರಿಸಲಿ. ಅದನ್ನು ಅಂಗಡಿಯವನು ಮುರಿದುಕೊಳ್ಳಲಾರ, ಗಿರಾಕಿ ಕಳೆದುಕೊಳ್ಳಲಾರ, ಅದಕ್ಕೆ ಕತ್ತರಿಯೂ ಬೇಡ. ಕೊಸರು ಚೀಲದ ಒಳಗೇ ಇರುತ್ತದೆ, ಕಿಟಕಿಯ ಪಟ್ಟಿಯಲ್ಲಿ ಒಂದು ಬೆರಳು ಮೇಲಕ್ಕೆ ಕಾಣುತ್ತದೆ. ಲೆಕ್ಕ ಹಾಕಿ ನೋಡುತ್ತೇನೆಂದು ಆಕೆ ಮಾದರಿಗಳನ್ನು ಎತ್ತಿಕೊಂಡು ಹೋಗಿದ್ದಾಳೆ. ನಮ್ಮ ಊರಿನ ಉಳಿದ ತಯಾರಕರೂ ಆ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ ಎಂಬುದೇ ನನ್ನ ಅರಿಕೆ.