ಎರಡು ಎಂಜಿನ್, ಒಂದೇ ಡಬ್ಬ, ಎಂಟು ಡಾಲರ್

ಕಳೆದ ತಿಂಗಳು ಬ್ರಿಸ್ಬೇನಿನ ಗೆಳೆಯನೊಬ್ಬ ಬಿಲ್ಲಿನ ಫೋಟೊ ಕಳಿಸಿದ. 3,800 ಡಾಲರ್. ಅವನ ಡೀಸೆಲ್ ಎಸ್‌ಯುವಿಯ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಬದಲಾಯಿಸಿದ ಖರ್ಚು. ಕೆಳಗೆ ಒಂದೇ ಸಾಲು: "ಅಣ್ಣಾ, ಮೂರು ವರ್ಷದಲ್ಲಿ ಆಯಿಲ್‌ನಲ್ಲಿ ನಾನು ಉಳಿಸಿದ್ದು 360."

ಈ 360ರ ಮೂಲ ಪರ್ತ್‌ನಲ್ಲಿದೆ. ಅಲ್ಲಿರುವ ನಮ್ಮ ಹಿರಿಯ ಗೆಳೆಯರನ್ನು ರಾಯರು ಎಂದು ಕರೆಯೋಣ. ನಾವು ಮೂರು ಮನೆಯವರು ಭಾನುವಾರ ಫೋನಿನಲ್ಲಿ ಸೇರುತ್ತೇವೆ. ಸೂಪರ್, ಆಫ್‌ಸೆಟ್ ಖಾತೆ, ಶೇರು, ಮಕ್ಕಳ ಶಾಲೆ ಎಲ್ಲ ಮುಗಿದ ಮೇಲೆ ಮಾತು ಕಾರಿಗೆ ಬರುತ್ತದೆ. ರಾಯರ ಮನೆಯಲ್ಲಿ 2010ರ ಡೀಸೆಲ್ ಪ್ರಾಡೊ ಇದೆ, ಹೆಚ್ಚೂಕಡಿಮೆ ಅಷ್ಟೇ ವಯಸ್ಸಿನ ಪೆಟ್ರೋಲ್ ಕ್ಯಾಮ್ರಿ ಇದೆ. ಎರಡಕ್ಕೂ ಶೆಡ್ಡಿನಲ್ಲಿರುವ 20 ಲೀಟರಿನ ಒಂದೇ ಡ್ರಮ್ಮಿನಿಂದ 15ಡಬ್ಲ್ಯು-40 ಆಯಿಲ್. ಸರ್ವಿಸ್ ಕೂಡ ಅವರೇ ಮಾಡುತ್ತಾರೆ. "ನಮ್ಮಪ್ಪ ತಿಪಟೂರಲ್ಲಿ ಜೀಪಿಗೂ ಅಂಬಾಸಿಡರಿಗೂ ಒಂದೇ ಟಿನ್ನಿಂದ ಸುರೀತಿದ್ರು ಕಣಯ್ಯ, ಯಾವ ಎಂಜಿನ್ ಸತ್ತಿದೆ?" ಅನ್ನುತ್ತಾರೆ. ಅವರ ಎರಡೂ ಗಾಡಿ ಇವತ್ತಿಗೂ ಗಡಿಯಾರದ ಹಾಗೆ ಓಡುತ್ತಿವೆ. ಬ್ರಿಸ್ಬೇನಿನವನು ಅದನ್ನೇ ನಕಲು ಮಾಡಿದ.

ರಾಯರದ್ದು ತಪ್ಪು ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ರಾಯರು ಸರಿ. ಪಕ್ಕದ ಮನೆಯವನ ಪೋರ್ಟ್‌ಫೋಲಿಯೊ ನೋಡಿ ಅದೇ ಶೇರು ಕೊಳ್ಳುವವನಿಗೆ ಆಗುವುದೇ ಬ್ರಿಸ್ಬೇನಿನಲ್ಲಿ ಆಯಿತು.

ಮೊದಲು ಡಬ್ಬದ ಹಿಂಬದಿ ಓದೋಣ. ಅಮೆರಿಕದ ಎಪಿಐ ಗುರುತಿನಲ್ಲಿ 'ಎಸ್' ಇಂದ ಶುರುವಾಗುವುದು ಪೆಟ್ರೋಲ್ ಎಂಜಿನ್‌ಗೆ, 'ಸಿ' ಇಂದ ಶುರುವಾಗುವುದು ಡೀಸೆಲ್‌ಗೆ. 'ಸಿಐ-4/ಎಸ್‌ಎಲ್' ಎಂದಿದ್ದರೆ ಎರಡೂ ಪರೀಕ್ಷೆ ಪಾಸಾದ ಆಯಿಲ್. ಹಾಗಾಗಿ ಎರಡಕ್ಕೂ ಆಗುವ ಆಯಿಲ್ ಎನ್ನುವುದು ಮೋಸವೇನಲ್ಲ. ಆದರೆ ಅದು ಯಾವ ಕಾಲದ ಪರೀಕ್ಷೆ ಎಂದು ನೋಡಬೇಕು. ಎಸ್‌ಎಲ್ ಬಂದದ್ದು 2001ರಲ್ಲಿ, ಸಿಐ-4 ಬಂದದ್ದು 2002ರಲ್ಲಿ. ಎಪಿಐ ಡೀಸೆಲ್ ಆಯಿಲ್‌ಗಳಲ್ಲಿ ಡಿಪಿಎಫ್‌ಗಾಗಿಯೇ ಬೂದಿಗೆ ಮಿತಿ ಹಾಕಿದ್ದು 2006ರ ಸಿಜೆ-4 ದರ್ಜೆ; ಅದರಲ್ಲಿ ಶೇ 1 ಮಿತಿ.

ಬೂದಿ ಯಾಕೆ ಮುಖ್ಯ? ಎಂಜಿನ್ ಒಳಗನ್ನು ಶುಚಿಯಾಗಿಡಲು ಆಯಿಲ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿಸಿರುತ್ತಾರೆ. ಸವೆತ ತಡೆಯಲು ಸತು, ರಂಜಕ. ಎಂಥ ಎಂಜಿನ್ನೂ ಸ್ವಲ್ಪ ಆಯಿಲ್ ಸುಡುತ್ತದೆ. ಸುಟ್ಟಾಗ ಈ ಲೋಹಗಳು ಬೂದಿಯಾಗಿ ಫಿಲ್ಟರ್‌ನಲ್ಲಿ ಕೂರುತ್ತವೆ. ಸೌದೆ ಒಲೆ ನೋಡಿದವರಿಗೆ ಇದು ಹೊಸದಲ್ಲ: ಉಳಿದ ಇದ್ದಿಲನ್ನು ಮತ್ತೆ ಉರಿಸಬಹುದು, ಬೂದಿಯನ್ನು ಉರಿಸಲಾಗದು. ಡಿಪಿಎಫ್ ಆಗಾಗ ಸುಮಾರು 600 ಡಿಗ್ರಿಗೆ ಕಾದು ಮಸಿಯನ್ನು ಸುಟ್ಟುಕೊಳ್ಳುತ್ತದೆ. ಬೂದಿ ಅಲ್ಲೇ ಉಳಿಯುತ್ತದೆ, ವರ್ಷದಿಂದ ವರ್ಷಕ್ಕೆ ಏರುತ್ತದೆ.

ನಮ್ಮ ಗೆಳೆಯ ಎಡವಿದ್ದು ಒಂದು ಅಕ್ಷರದಲ್ಲಿ. ಅವನ ಕೈಪಿಡಿ ಕೇಳಿದ್ದು 'ಸಿ3'. ಡಬ್ಬದ ಮೇಲಿದ್ದದ್ದು 'ಸಿಐ-4'. ಎರಡರಲ್ಲೂ 'ಸಿ' ಇದೆಯಲ್ಲ ಅಂದುಕೊಂಡ. ಆದರೆ ಸಿ3 ಎನ್ನುವುದು ಎಪಿಐ ಗುರುತೇ ಅಲ್ಲ, ಯುರೋಪಿನ ಎಸಿಇಎ ಗುರುತು. ಅಲ್ಲಿ 'ಸಿ' ಅಂದರೆ ಡೀಸೆಲ್ ಅಲ್ಲ, ಹೊಗೆ ಶುದ್ಧಿ ಮಾಡುವ ಸಾಧನಗಳಿಗೆ ಹೊಂದುವ, ಬೂದಿ ಶೇ 0.8 ಮೀರದ ಆಯಿಲ್. ಈ ಗೊಂದಲಕ್ಕೆ ಅವನನ್ನು ಬಯ್ಯಲು ನನಗೆ ಮನಸ್ಸಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು: ಆ ಕಾರು ಓಡಿದ್ದು ಬಹುಪಾಲು ಶಾಲೆಗೆ, ಅಂಗಡಿಗೆ. ಅಷ್ಟು ಚಿಕ್ಕ ಓಟದಲ್ಲಿ ಫಿಲ್ಟರ್ ಸರಿಯಾಗಿ ಕಾಯುವುದೇ ಇಲ್ಲ ಎಂದು ಮೆಕ್ಯಾನಿಕ್ ಹೇಳಿದನಂತೆ. ಹಾಗಾಗಿ 3,800 ಡಾಲರನ್ನೂ ಆಯಿಲ್ ಲೆಕ್ಕಕ್ಕೇ ಬರೆಯಲಾರೆ.

ರಾಯರು ಯಾಕೆ ಬಚಾವಾದರು? ಅವರ ಪ್ರಾಡೊಗೆ ಡಿಪಿಎಫ್ ಇಲ್ಲವೇ ಇಲ್ಲ. ಎರಡೂ ಗಾಡಿಗಳ ಕೈಪಿಡಿಯಲ್ಲಿ 15ಡಬ್ಲ್ಯು-40 ಇದೆ. ಪರ್ತ್‌ನಲ್ಲಿ ಎಂಜಿನ್ ಹೆಪ್ಪುಗಟ್ಟುವ ಚಳಿಯೂ ಇಲ್ಲ. ಬ್ರಿಸ್ಬೇನ್, ಅಡಿಲೇಡ್‌ನಲ್ಲೂ ಇಲ್ಲ. ಅಡಿಲೇಡ್ ಅಂತೂ 2019ರ ಜನವರಿ 24ರಂದು 46.6 ಡಿಗ್ರಿ ಮುಟ್ಟಿದ ಊರು. ಅಂದರೆ ಇಲ್ಲಿ ಆಯಿಲ್‌ನ ದಪ್ಪ ಅಷ್ಟು ದೊಡ್ಡ ಸಮಸ್ಯೆಯಲ್ಲ, ಅದರ ರಸಾಯನವೇ ಸಮಸ್ಯೆ.

ಇನ್ನು ನನ್ನ ಮನೆ ಲೆಕ್ಕ. ಅಡಿಲೇಡ್‌ನಲ್ಲಿ ನಮ್ಮದು 1.8 ಲೀಟರಿನ ಪೆಟ್ರೋಲ್ ಕೊರೊಲಾ, ಕ್ಯಾರವಾನ್ ಎಳೆಯಲು 2.8 ಲೀಟರಿನ ಡೀಸೆಲ್ ಹೈಲಕ್ಸ್. ಹೈಲಕ್ಸ್‌ಗೆ ಒಂದು ಸಲಕ್ಕೆ 7.5 ಲೀಟರ್ ಆಯಿಲ್, ಕೊರೊಲಾಕ್ಕೆ 4.2. ಎರಡಕ್ಕೂ ಆರು ತಿಂಗಳಿಗೊಮ್ಮೆ ಬದಲಾವಣೆ. ವರ್ಷಕ್ಕೆ 15 ಮತ್ತು 8.4, ಒಟ್ಟು 23.4 ಲೀಟರ್. ನನ್ನ ಹತ್ತಿರದ ಅಂಗಡಿಯಲ್ಲಿ ಹೈಲಕ್ಸ್ ಕೇಳುವ ಕಡಿಮೆ ಬೂದಿಯ ಆಯಿಲ್ 5 ಲೀಟರಿಗೆ 75 ಡಾಲರ್, ಕೊರೊಲಾದ್ದು 50.

ಬೇರೆ ಬೇರೆ ಕೊಂಡರೆ ಮೂರು ಡಬ್ಬ ಅದು, ಎರಡು ಡಬ್ಬ ಇದು: 325 ಡಾಲರ್. ಒಂದೇ ಆಯಿಲ್ ಮಾಡಿದರೆ? ಆಗಲೂ ಐದೇ ಡಬ್ಬ! ಹೈಲಕ್ಸ್‌ಗೆ ಒಗ್ಗುವುದನ್ನೇ ಎರಡಕ್ಕೂ ಹಾಕಬೇಕು, ಆದ್ದರಿಂದ 375. ಉಳಿತಾಯ ಹೋಗಲಿ, 50 ಡಾಲರ್ ಹೆಚ್ಚು.

ಡ್ರಮ್ ಕೊಂಡರೆ ಅಗ್ಗ ಅಲ್ಲವೇ ಎಂದು ರಾಯರು ಕೇಳಿದರು. ನಿಜ, ಅದೇ ಆಯಿಲ್ 20 ಲೀಟರ್ ಡ್ರಮ್ಮಿನಲ್ಲಿ 220ಕ್ಕೆ ಸಿಕ್ಕಿತು, ಲೀಟರಿಗೆ 11. ಎರಡೂ ಗಾಡಿಗೆ ಅದನ್ನೇ ಹಾಕಿದರೆ ವರ್ಷಕ್ಕೆ ಸುಮಾರು 257 ಡಾಲರಿನ ಆಯಿಲ್. ಆದರೆ ಡ್ರಮ್ಮನ್ನು ಹೈಲಕ್ಸ್‌ಗೆ ಮಾತ್ರ ಇಟ್ಟುಕೊಂಡು ಕೊರೊಲಾಕ್ಕೆ ಎರಡು ಡಬ್ಬ ಬೇರೆ ತಂದರೆ 265. ವ್ಯತ್ಯಾಸ 8 ಡಾಲರ್. ಇಲ್ಲಿ ಅದಕ್ಕೆ ಅರ್ಧ ಮಸಾಲೆದೋಸೆ ಬರುತ್ತದೆ. ಉಳಿಸಿದ್ದು ಡ್ರಮ್ಮೇ ಹೊರತು 'ಒಂದೇ ಆಯಿಲ್' ಅಲ್ಲ. ಒಂದೇ ಆಯಿಲ್‌ನಿಂದ ದೊಡ್ಡ ಮೊತ್ತ ಉಳಿಯುವುದು ಎರಡು ಗಾಡಿಗಳಲ್ಲಿ ಅಗ್ಗದ್ದನ್ನು ಕೇಳುವ ಗಾಡಿಯ ಕಡೆಗೆ ಜಾರಿದಾಗ ಮಾತ್ರ. ಬ್ರಿಸ್ಬೇನಿನವನು ಡಬ್ಬಕ್ಕೆ 40 ಡಾಲರ್ ಉಳಿಸಿದ್ದು ಹಾಗೆಯೇ.

ಪೆಟ್ರೋಲ್ ಕಡೆಯಿಂದಲೂ ಅಪಾಯ ಇಲ್ಲದಿಲ್ಲ. ಈಚಿನ ಟರ್ಬೊ, ನೇರ ಇಂಜೆಕ್ಷನ್ ಪೆಟ್ರೋಲ್ ಎಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಇಂಧನ ಹೊತ್ತಿಗೆ ಮೊದಲೇ ಹತ್ತಿಕೊಳ್ಳುವ ಕಾಯಿಲೆ ಇದೆ, ಪಿಸ್ಟನ್ನನ್ನೇ ಒಡೆಯಬಲ್ಲದು. ಕ್ಯಾಲ್ಸಿಯಂ ಹೆಚ್ಚಿರುವ ಆಯಿಲ್ ಇದನ್ನು ಕೆರಳಿಸುತ್ತದೆ. 2020ರಲ್ಲಿ ಬಂದ ಎಸ್‌ಪಿ ದರ್ಜೆಯಲ್ಲಿ ಇದಕ್ಕೆಂದೇ ಪರೀಕ್ಷೆ ಇದೆ. ಅಂಥ ಕಾರಿಗೆ ಲಾರಿಯ ಆಯಿಲ್ ಬೇಡವೇ ಬೇಡ.

ಹಾಗಿದ್ದರೂ ಒಂದೇ ಡಬ್ಬ ಬೇಕು ಎನ್ನುವವರು ಹೆಚ್ಚು ತಕರಾರು ಮಾಡುವ ಎಂಜಿನ್‌ನಿಂದ ಶುರು ಮಾಡಿ. ಅದರ ಕೈಪಿಡಿ ಕೇಳುವ ಗುರುತು, ದಪ್ಪ ಎರಡೂ ಇರುವ ಆಯಿಲ್ ಹುಡುಕಿ, ಆಮೇಲೆ ಇನ್ನೊಂದರ ಕೈಪಿಡಿ ಅದನ್ನು ಒಪ್ಪುತ್ತದೆಯೇ ನೋಡಿ. ಒಪ್ಪದಿದ್ದರೆ ಅಲ್ಲಿಗೆ ಬಿಡಿ. ವಾರಂಟಿ ಇದ್ದರೆ ರಸೀದಿ ಇಟ್ಟುಕೊಳ್ಳಿ. ಡೀಲರ್ ಹತ್ತಿರವೇ ಸರ್ವಿಸ್ ಮಾಡಿಸಬೇಕು ಎಂಬ ಕಡ್ಡಾಯ ಆಸ್ಟ್ರೇಲಿಯಾದಲ್ಲಿ ಇಲ್ಲ. ಆದರೆ ಅರ್ಹರು ಮಾಡಿರಬೇಕು, ತಯಾರಕರು ಹೇಳಿದ ಮಟ್ಟದ ಆಯಿಲ್ ಹಾಕಿರಬೇಕು. ತಪ್ಪು ಆಯಿಲ್‌ನಿಂದಲೇ ಹಾಳಾಯಿತು ಎಂದಾದರೆ ವಾರಂಟಿ ನಿಮ್ಮ ಕೈ ಹಿಡಿಯುವುದಿಲ್ಲ.

ನಾನು ಎರಡು ಆಯಿಲ್ ಇಟ್ಟುಕೊಂಡಿದ್ದೇನೆ. ಡ್ರಮ್ಮಿಗೆ ಕೆಂಪು ಟೇಪು, ಡಬ್ಬಗಳಿಗೆ ನೀಲಿ. ರಾಯರು ಕ್ಯಾಮ್ರಿ ಮಾರಿ ಹೊಸ ಟರ್ಬೊ ಪೆಟ್ರೋಲ್ ಕಾರು ನೋಡುತ್ತಿದ್ದಾರಂತೆ. ಹೋದ ಭಾನುವಾರ ಕೇಳಿದರು, "ಡ್ರಮ್ಮಿನಲ್ಲಿ ಇನ್ನೂ ಹನ್ನೆರಡು ಲೀಟರ್ ಇದೆ, ಏನು ಮಾಡಲಯ್ಯ?" ಪ್ರಾಡೊಗೇ ಇಟ್ಟುಕೊಳ್ಳಿ ಸರ್, ಅಂದೆ.