ನೌಕರಿಯೋ, ಕಲೆಯೋ?

ಹತ್ತನೆಯ ಇಯತ್ತೆಯ ಫಲಿತಾಂಶ ಬಂದೊಡನೆ ಪಾಲಕರು ನಮ್ಮನ್ನು ಕೇಳುವುದು ಒಂದೇ ಮಾತು: "ಗುರುಗಳೇ, ಯಾವ ಲೈನಿಗೆ ಹಾಕಿದರೆ ನೌಕರಿ ಹತ್ತುತ್ತದೆ?" ಚಿತ್ರ ಬರೆಯುವ, ಹಾಡುವ ಹುಡುಗನ ತಂದೆಯಂತೂ ಮನೆಯಲ್ಲಿ ಯಾರಿಗೋ ಜಡ್ಡಾದಂತೆ ದನಿ ತಗ್ಗಿಸಿ ಕೇಳುತ್ತಾರೆ.

ಸಮಡೋಳಿಯಿಂದ ಮಿರಜ ದೂರವೇನಲ್ಲ. ಅಲ್ಲಿಯ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅವನ್ನು ಮಾಡುವವರ ಹಿರಿಯರು ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು. ಸಂಸ್ಥಾನಗಳ ಕಾಲದಲ್ಲಿ ಅದಕ್ಕಿಂತ ಭದ್ರವಾದ ಉದ್ಯೋಗ ಯಾವುದಿತ್ತು? ಕತ್ತಿಗಳ ಕಾಲ ಮುಗಿಯಿತು. 19ನೆಯ ಶತಮಾನದಲ್ಲಿ ಅವೇ ಕೈಗಳು ಸೋರೆಬುರುಡೆ ಹಿಡಿದವು. ಅದು ತಲೆಮಾರುಗಳಿಗೆ ಅನ್ನ ಹಾಕಿದೆ.

ಆದರೆ ವಿದ್ಯಾರ್ಥಿಗಳೇ, ಅಲ್ಲಿಯೂ ಆನಂದ ಪುಕ್ಕಟೆ ಸಿಗುವುದಿಲ್ಲ. ಬುರುಡೆ ಒಣಗಿಸಿ, ಕಟ್ಟಿಗೆ ಕೊರೆದು, ಕೂಡಿಸಿ, ಕೊನೆಗೆ ತಂತಿಗಳ ಕೆಳಗಿನ ಕುದುರೆಯನ್ನು ಕೂದಲೆಳೆಯಷ್ಟೇ ಉಜ್ಜುತ್ತ ಜವಾರಿ ಎಂಬ ಆ ತುಂಬುನಾದ ತೆಗೆಯಬೇಕು. ಅದೂ ದಿನದಿನದ ದುಡಿಮೆಯೇ. ಹಾಜರಿ ಪುಸ್ತಕವಿಲ್ಲ, ಪಿಂಚಣಿಯೂ ಇಲ್ಲ!

ಇತ್ತ ದ. ರಾ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಕವಿತೆ ಬರೆದರು. ಒಂದು ಕಾಲಕ್ಕೆ ನಾವೂ ಬರೆಯುತ್ತಿದ್ದೆವು. ನೌಕರಿ ಹತ್ತಿದ ಮೇಲೆ ನಿಂತಿತು. ನೌಕರಿಯೇ ಬಿಡಿಸಿತೆಂದು ಬಹಳ ವರ್ಷ ಹೇಳಿಕೊಂಡೆವು; ಬಿಟ್ಟವರು ನಾವೇ.

ಆದ್ದರಿಂದ ಪಾಲಕರೇ, "ಬೇಡ" ಎನ್ನುವ ಮೊದಲು ಹುಡುಗನನ್ನು ಒಂದು ದಿನ ಮಿರಜದ ಆ ಅಂಗಡಿಗಳಿಗೆ ಕರೆದೊಯ್ಯಿರಿ. ಸಂಜೆಯವರೆಗೂ ಕೂಡ್ರಲಿ. ಬೇಸತ್ತು ಬಂದರೆ ನಿಮ್ಮ ಮಾತೇ ನಡೆಯಲಿ. ನಾಳೆಯೂ ಹೋಗುತ್ತೇನೆಂದರೆ ನಮ್ಮಲ್ಲಿಗೆ ಕಳಿಸಿರಿ.